ಊರ ಕಸ, ಯಾರ ನೆಲ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಊರ ಕಸಕ್ಕೆ ನೆಲೆಯನ್ನು ಗೊತ್ತುಪಡಿಸುವುದು ಸುಲಭದ ಮಾತಲ್ಲ. ಕಸ ಹೂಳುವ ತಾಣವು ನದಿಯಿಂದ 100 ಮೀಟರ್, ಕೆರೆ, ವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಆದರೆ 2019ರ ಆಗಸ್ಟ್ ಮಹಾಪೂರದಲ್ಲಿ ಕೃಷ್ಣೆಯು ಆ ನೂರು ಮೀಟರನ್ನು ಲೆಕ್ಕಿಸಿದಳೇ? ದಂಡೆಯ ಕಬ್ಬಿನ ಹೊಲಗಳೂ ಊರುಗಳೂ ಜಲಾವೃತವಾದವು. ಆದುದರಿಂದ ನೆರೆ ಮುಟ್ಟದ ಮಡ್ಡಿಯನ್ನೇ ಅರಸಬೇಕಾಗುತ್ತದೆ. ಮಡ್ಡಿಯಾದರೋ ಬರಿಯ ಬಂಜರಲ್ಲ. ಮಳೆಯನ್ನೇ ನಂಬಿದ ಬಡ ಒಕ್ಕಲಿಗನ ಜೋಳದ ಹೊಲ, ದನಕುರಿಗಳ ಗಾಯರಾಣ. ಹೊಳೆಯ ಸುಖವನ್ನೆಂದೂ ಕಾಣದವನು ಹೊಳೆಸಾಲಿನ ಪಟ್ಟಣಗಳ ಹೊಲಸನ್ನು ಹೊರಬೇಕೆಂಬುದು ಯಾವ ನ್ಯಾಯ? ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನ ಪ್ರತಿಭಟಿಸಿದ ಮೇಲೆಯೇ 2014ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಹಸಿಕಸವನ್ನು ಪಟ್ಟಣದಲ್ಲಿಯೇ ಬೇರ್ಪಡಿಸಿ ಗೊಬ್ಬರವಾಗಿಸಿದಲ್ಲಿ ಮಡ್ಡಿಗೆ ಸಾಗುವ ಹೊರೆಯೂ ಅದಕ್ಕೆ ಬೇಕಾಗುವ ನೆಲವೂ ಬಹುಮಟ್ಟಿಗೆ ತಗ್ಗುವುವು. ಗೊಬ್ಬರವು ಕಬ್ಬಿಗೂ ಜೋಳಕ್ಕೂ ಸಲ್ಲುವುದು.