ಜಾಲಿಗಿಡದ ಕೆಳಗಿನ ನಿದ್ದೆ

ಬದುಕು ಸಾಕೆಂದು ದೇವರ ಮುಂದೆ ಸಾವನ್ನೇ ಬೇಡಿದ ಪ್ರವಾದಿ ಎಲೀಯನನ್ನು ನೀವು ಬಲ್ಲಿರಿ (ಅರಸುಗಳ ಮೊದಲನೆಯ ಗ್ರಂಥ, 19ನೇ ಅಧ್ಯಾಯ). ಜಾಲಿಗಿಡದ ಬುಡದಲ್ಲಿ ಬಿದ್ದಿದ್ದ ಅವನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ಹೋರೇಬಿನ ದಾರಿ ಆಮೇಲೆ. ಜಾಲಿಯ ನೆರಳು ಎಷ್ಟೆಂಬುದನ್ನು ಪಾವಗಡ ಸೀಮೆಯವರಿಗೆ ಹೇಳಬೇಕಿಲ್ಲ. ಆದರೆ ಆ ನಿದ್ದೆಯ ಭಾಗವನ್ನು ನಾವು ಗುರುಗಳು ಪ್ರಸಂಗದಲ್ಲಿ ಹಾರಿಸಿಬಿಡುತ್ತೇವೆ. ನಾನೂ ಬಹುಕಾಲ ಹಾಗೆಯೇ ಮಾಡಿದೆ.

ರೇಷ್ಮೆ ಸೀರೆ ನೇಯುವ ವೈ.ಎನ್.ಹೊಸಕೋಟೆಯಂಥ ಊರಿನಲ್ಲಿ ಹಗಲೆಂದರೆ ಮಗ್ಗದ ಸದ್ದು. ಅಂಥಲ್ಲಿ ರಾತ್ರಿಯಿಡೀ ಎದ್ದಿದ್ದು ಹಗಲು ಮಲಗುವ ಮಗನನ್ನು ಸೋಮಾರಿ ಎನ್ನುವುದು ಸುಲಭ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಇರುವವರಲ್ಲಿ ಅದು ಹೆಚ್ಚಾಗಿ ರೋಗದ್ದೇ ಒಂದು ಭಾಗ. ನಿದ್ದೆ ಬಾರದಿರುವುದು, ಪದೇ ಪದೇ ಬೀಳುವ ಕೆಟ್ಟ ಕನಸು, ಇವಕ್ಕೂ ಆತ್ಮಹತ್ಯೆಯ ಯೋಚನೆಗೂ ನಂಟಿದೆ. ಎಚ್ಚರವಿರುವವರ ಸಂಖ್ಯೆಗೆ ಹೋಲಿಸಿದರೆ ನಡುರಾತ್ರಿಯ ನಂತರದ ಹೊತ್ತೇ ಹೆಚ್ಚು ಅಪಾಯದ್ದು: ಮನೆಯೆಲ್ಲ ಮಲಗಿದೆ, ಮಾತಿಗೆ ಯಾರೂ ಇಲ್ಲ, ದಣಿದ ಮಿದುಳಿಗೆ ಹಿಡಿತ ಕಡಿಮೆ. ಬೈಪೋಲಾರ್ ಇರುವವರು ಎರಡು ಮೂರು ತಾಸು ಮಲಗಿಯೂ ದಣಿವೇ ಇಲ್ಲವೆಂದರೆ ಉನ್ಮಾದ ಶುರುವಾಗುತ್ತಿರಬಹುದು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಂತೂ ಕಣ್ಣಿಟ್ಟಿರಬೇಕು.

ಸಾಯಬೇಕೆನಿಸುತ್ತಿದೆಯೇ ಎಂದು ಪ್ರೀತಿಯಿಂದ, ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡಬೇಡಿ. ಏಳುವ ಹೊತ್ತು ದಿನವೂ ಒಂದೇ ಇರಲಿ. ಬೆಳಗಿನ ಬಿಸಿಲಿಗೆ ಕರೆದುಕೊಂಡು ಬನ್ನಿ. ವಾಸಿಯಾಯಿತೆಂದು ಗುಳಿಗೆ ನಿಲ್ಲಿಸಬೇಡಿ. ಲಿಥಿಯಂನಂಥ ಔಷಧಿ ಆತ್ಮಹತ್ಯೆಯ ಅಪಾಯವನ್ನೇ ತಗ್ಗಿಸುತ್ತದೆ. ನಿದ್ದೆ ಕೆಟ್ಟಿದೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ದೂರವೆನಿಸಿದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್, ಸಂಖ್ಯೆ 14416, ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಪೊಲೀಸರ ಭಯದಿಂದ ವಿಷಯ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಧರ್ಮಸಭೆಯ ಭಯ ಇನ್ನೊಂದು. 1917ರ ಧರ್ಮಸಭಾ ಕಾನೂನು, ಮನಸಾರೆ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. 1992ರ ಧರ್ಮೋಪದೇಶ ಗ್ರಂಥ (2282, 2283) ಆತ್ಮಹತ್ಯೆಯನ್ನು ತಪ್ಪೆಂದೇ ಹೇಳುತ್ತದೆ. ಆದರೆ ತೀವ್ರ ಮಾನಸಿಕ ತೊಂದರೆ ಹೊಣೆಯನ್ನು ತಗ್ಗಿಸುತ್ತದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಕಲಿಸುತ್ತದೆ. ಇಂಥ ಸಾವಾದ ಮನೆಯವರು ಈಗಲೂ ಪೂಜೆ ಹೇಳಿಸಲು ಅಳುಕುತ್ತಾ ಬರುತ್ತಾರೆ. ಅಳುಕಬೇಡಿ. ಜಪಸರ ಹೇಳಿದರೂ ಮಗಳಿಗೆ ನಿದ್ದೆ ಬರಲಿಲ್ಲವೆಂದರೆ ಅದು ವಿಶ್ವಾಸದ ಕೊರತೆಯಲ್ಲ; ವೈದ್ಯರಲ್ಲಿಗೆ ಕರೆದೊಯ್ಯಿರಿ. ರಾತ್ರಿ ಎರಡು ಗಂಟೆಗೆ ದಿಕ್ಕು ತೋಚದಿದ್ದರೆ 14416ಕ್ಕೆ ಕರೆ ಮಾಡಿ, ಗುರುಮನೆಯ ಬಾಗಿಲನ್ನೂ ತಟ್ಟಿ.