ಒಂದು ಧಾಟಿ, ಹಲವು ಕಂಠ

ತತ್ವಪದವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಯು ಮೊದಲು ಅರಿಯಬೇಕಾದ ಶಬ್ದ ‘ಧಾಟಿ’. ಇದನ್ನೇ ‘ಮಟ್ಟು’ ಎಂದೂ ಕರೆಯುವುದುಂಟು. ರಾಗವು ಸ್ವರಗಳ ವ್ಯವಸ್ಥೆ. ತಾಳವು ಕಾಲದ ಅಳತೆ. ಛಂದಸ್ಸು ಅಕ್ಷರ-ಮಾತ್ರೆಗಳ ಲೆಕ್ಕ. ಧಾಟಿ ಈ ಮೂರನ್ನೂ ಒಳಗೊಂಡು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಪಲ್ಲವಿಗೆ ಹೇಗೆ ಮರಳಬೇಕು ಎಂಬುದನ್ನು ನಿರ್ಧರಿಸುವ ಸಿದ್ಧ ಅಚ್ಚು. ಒಬ್ಬರ ಪದದಿಂದ ಹುಟ್ಟಿದ ಅಚ್ಚಿನಲ್ಲಿ ಹತ್ತು ಜನ ತಮ್ಮ ಪದ ಎರೆಯಬಹುದು. ಅದು ಕಳವಲ್ಲ, ಪರಂಪರೆ.

ಇಂಥ ಹಂಚಿಕೆ ಜಮೈಕಾದ ರೆಗೆ ಸಂಗೀತದಲ್ಲೂ ಪ್ರಸಿದ್ಧ. ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ನಲ್ಲಿ ಸೌಂಡ್ ಡೈಮೆನ್ಷನ್ ತಂಡ 1967ರಲ್ಲಿ ನುಡಿಸಿದ ‘ರಿಯಲ್ ರಾಕ್’ ಎಂಬ ವಾದ್ಯಲಯದ ಮೇಲೆಯೇ ವಿಲ್ಲಿ ವಿಲಿಯಮ್ಸ್ ‘ಆರ್ಮಗಿಡಿಯನ್ ಟೈಮ್’ ಹಾಡಿದರು; ಮಿಚಿಗನ್ ಮತ್ತು ಸ್ಮೈಲಿ ಎಂಬ ಡೀಜೇ ಜೋಡಿ ತಮ್ಮ ಮಾತು ಪೋಣಿಸಿದರು. ಅಲ್ಲಿ ಹಂಚಿಕೆಯಾದುದು ಧ್ವನಿಮುದ್ರಿತ ಲಯ. ಇಲ್ಲಿ ಹಂಚಿಕೆಯಾಗುವುದು ನೆನಪು.

ಮರಾಠಿ ಸಂಗೀತ ನಾಟಕದ ಮುದ್ರಿತ ಪ್ರತಿಗಳಲ್ಲಿ ಪದದ ನೆತ್ತಿಯ ಮೇಲೆ ‘ಚಾಲ್’ ಎಂದು ಮೂಲ ಹಾಡಿನ ಹೆಸರು ಕಾಣಿಸುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ತಮ್ಮ ನಾಟಕಗಳಿಗೆ ಕನ್ನಡ ಹಾಡುಗಳ ಧಾಟಿಗಳನ್ನೂ ಬಳಸಿಕೊಂಡರು. ಧಾಟಿಗೆ ಭಾಷೆಯ ಗಡಿಯಿಲ್ಲ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸಂದರ್ಭದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲಿನೆರಡು ಬೀದರ್ ಜಿಲ್ಲೆಯಲ್ಲಿ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಆಡಳಿತದ ಗೆರೆ ಸರಿಯಿತು, ಕಚೇರಿಯ ಭಾಷೆ ತೆಲುಗಾಯಿತು. ಆದರೆ ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ, ಕನ್ನಡ ಲಿಪಿ ಓದಲು ಬಾರದವನೂ ಭಜನೆಯಲ್ಲಿ ಕಿವಿಯಿಂದಲೇ ಕನ್ನಡ ಪದ ಕಲಿಯಬಲ್ಲನು. ಅವನಿಗೆ ದಾರಿ ತೋರುವುದು ಧಾಟಿ.

ಇದರ ಕೆಲಸವನ್ನು ಮಾದರಿಗಾಗಿ ಕಟ್ಟಿದ ಎರಡು ತುಣುಕುಗಳಲ್ಲಿ ನೋಡಬಹುದು: ‘ಬೆಳಕಿನ ಮನೆಯ’, ‘ಸಂತೆಯ ಸಾಲ’. ಒಂದು ತತ್ವದ ಮಾತು, ಇನ್ನೊಂದು ಸಂಸಾರದ್ದು. ಎರಡರಲ್ಲೂ ನಾಲ್ಕು ಮತ್ತು ಮೂರು, ಒಟ್ಟು ಏಳು ಮಾತ್ರೆ. ನಾಲ್ಕರ ಗಣದ ಧಾಟಿಯಲ್ಲಿ ಹಾಡುವಾಗ ಕೊನೆಯ ಅಕ್ಷರವನ್ನು ‘ಮನೆಯಾ’, ‘ಸಾಲಾ’ ಎಂದು ಎಳೆದರೆ ಎಂಟು ತುಂಬುತ್ತದೆ. ಅಚ್ಚಿನಲ್ಲಿ ಕುಂಟಿದ್ದು ಬಾಯಲ್ಲಿ ನೆಟ್ಟಗೆ ನಡೆಯುತ್ತದೆ.

ಇಲ್ಲಿಯೇ ಅಪಾಯವೂ ಇದೆ. ಧಾಟಿಯ ಸೂಚನೆ ಬಿಟ್ಟು ಪದವನ್ನು ಮುದ್ರಿಸಿದಾಗ, ಮುಂದಿನ ಸಂಪಾದಕನು ಆ ಒಂದು ಮಾತ್ರೆಯನ್ನು ದೋಷವೆಂದು ಬಗೆದು ಹೊಸ ಅಕ್ಷರ ಸೇರಿಸುತ್ತಾನೆ. ಓದಿಗೆ ಸರಿಯೆನಿಸಿದ ಸಾಲು ಹಾಡಿಗೆ ಒಗ್ಗುವುದಿಲ್ಲ. ‘ಓ’, ‘ತಮ್ಮಾ’, ‘ಕೇಳೋ’ ಎಂಬ ತುಂಬುಪದಗಳನ್ನು ಕಿತ್ತುಹಾಕಿದರೂ ಅದೇ ಹಾನಿ. ಹಾಡುವ ಕೊನೆಯ ಮುದುಕ ತೀರಿಕೊಂಡ ಮೇಲೆ ಪುಸ್ತಕದಲ್ಲಿ ಶಬ್ದ ಉಳಿಯುತ್ತದೆ, ಪದ ಉಳಿಯುವುದಿಲ್ಲ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಯು ‘ಈ ಪದ ಯಾರದು?’ ಎಂದು ಕೇಳಿದಷ್ಟೇ ಶ್ರದ್ಧೆಯಿಂದ ‘ಯಾವ ಪದದ ಧಾಟಿ?’ ಎಂದೂ ಕೇಳಬೇಕು. ಮೊದಲ ಪ್ರಶ್ನೆಗೆ ಅಂಕಿತ ಉತ್ತರ ಕೊಟ್ಟೀತು. ಎರಡನೆಯದಕ್ಕೆ ಹಾಡುವವರೇ ಉತ್ತರ ಕೊಡಬೇಕು, ಅವರಿರುವಾಗಲೇ ಬರೆದುಕೊಳ್ಳಬೇಕು.