ಎವೆಯಿಕ್ಕದೆ ನೋಡಬೇಕಾದ ಸಿನಿಮಾ



ವಿಜ್ಞಾನದ ಸಿನಿಮಾ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಎಂತದ್ದು? ರಾಕೆಟ್ಟು, ಹಾರುವ ತಟ್ಟೆ, ಕಣ್ಣಿನಿಂದ ಬೆಂಕಿ ಬಿಡುವ ಯಂತ್ರಮಾನವ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: “ಅದೆಲ್ಲ ಇಂಗ್ಲಿಷಿನವರಿಗೆ ಮಾರಾಯ್ರೆ, ಕೋಟಿಗಟ್ಲೆ ದುಡ್ಡು ಬೇಕು, ಕನ್ನಡದಲ್ಲಿ ಆಗುದಲ್ಲ.” ಈ ಮಾತು ಸರಿಯಲ್ಲ ಎಂದು ತೋರಿಸಿದ ಒಂದು ಕನ್ನಡ ಚಿತ್ರವಿದೆ. ಅದರ ಹೆಸರು ‘ಬ್ಲಿಂಕ್’. ಬ್ಲಿಂಕ್ ಎಂದರೆ ಕಣ್ಣು ಮಿಟುಕಿಸುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ನೋಡಿಲ್ಲ, ಹಲವರು ಹೆಸರೇ ಕೇಳಿಲ್ಲ. ಆದ್ದರಿಂದ ಈ ಸಲದ ವಿಜ್ಞಾನ ಪಾಠವನ್ನು ಈ ಚಿತ್ರದ ಮೂಲಕವೇ ಕಲಿಯೋಣ.

ಚಿತ್ರದ ಪರಿಚಯ

‘ಬ್ಲಿಂಕ್’ 2024ರ ಮಾರ್ಚ್ 8ರಂದು, ಶಿವರಾತ್ರಿಯ ದಿನ ಬಿಡುಗಡೆಯಾಯಿತು. ನಿರ್ದೇಶಕರು ಶ್ರೀನಿಧಿ ಬೆಂಗಳೂರು. ಇದು ಅವರ ಮೊದಲ ಚಿತ್ರ. ನಿರ್ಮಾಪಕರು ರವಿಚಂದ್ರ ಎ.ಜೆ. ಮುಖ್ಯ ಪಾತ್ರದಲ್ಲಿ ದೀಕ್ಷಿತ್ ಶೆಟ್ಟಿ ಇದ್ದಾರೆ. ಚೈತ್ರಾ ಜೆ. ಆಚಾರ್, ಮಂದಾರ ಬಟ್ಟಲಹಳ್ಳಿ, ಗೋಪಾಲಕೃಷ್ಣ ದೇಶಪಾಂಡೆ ಮೊದಲಾದವರೂ ನಟಿಸಿದ್ದಾರೆ.

ಕಥಾನಾಯಕನ ಹೆಸರು ಅಪೂರ್ವ. ನಾಟಕದ ಹುಚ್ಚಿನ ಹುಡುಗ. ಪರೀಕ್ಷೆಯಲ್ಲಿ ಫೇಲಾದದ್ದನ್ನು ಮನೆಯಲ್ಲಿ ಹೇಳದೆ ದಿನ ದೂಡುತ್ತಿರುತ್ತಾನೆ. ಅವನಲ್ಲಿ ಒಂದು ವಿಶೇಷವಿದೆ: ಕಣ್ಣು ಮಿಟುಕಿಸದೆ ತುಂಬಾ ಹೊತ್ತು ಇರಬಲ್ಲ. ಒಬ್ಬ ಮುದುಕ ಅವನಿಗೆ ಎದುರಾಗಿ, ಸತ್ತಿದ್ದಾರೆಂದು ನೀನು ತಿಳಿದಿರುವ ನಿನ್ನ ತಂದೆ ಬದುಕಿದ್ದಾರೆ ಎನ್ನುತ್ತಾನೆ. ಅಲ್ಲಿಂದ ಅಪೂರ್ವನ ಪ್ರಯಾಣ ಹಿಂದಿನ ಕಾಲದ ಕಡೆಗೆ ತಿರುಗುತ್ತದೆ. ಮುಂದೆ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ನೋಡಿಯೇ ತಿಳಿಯಬೇಕು.

ಒಂದೇ ಒಂದು ನಿಯಮ

ವಿಜ್ಞಾನ ಕಥೆಗೂ ಮಾಯಾಜಾಲದ ಕಥೆಗೂ ಏನು ವ್ಯತ್ಯಾಸ? ಮಾಯಾಜಾಲದ ಕಥೆಯಲ್ಲಿ ಕಷ್ಟ ಬಂದಾಗಲೆಲ್ಲ ಹೊಸ ಮಂತ್ರ ಹುಟ್ಟಿಕೊಳ್ಳಬಹುದು. ವಿಜ್ಞಾನ ಕಥೆಯಲ್ಲಿ ಹಾಗೆ ಮಾಡುವಂತಿಲ್ಲ. ಲೇಖಕ ಮೊದಲು “ಹೀಗಾದರೆ?” ಎಂದು ಒಂದು ನಿಯಮ ಹಾಕಿಕೊಳ್ಳುತ್ತಾನೆ. ಆಮೇಲೆ ಕಥೆ ಮುಗಿಯುವವರೆಗೂ ಆ ನಿಯಮಕ್ಕೆ ಕಟ್ಟುಬೀಳಬೇಕು. ಲಗೋರಿ ಆಡುವಾಗ ಅರ್ಧ ಆಟದಲ್ಲಿ ನಿಯಮ ಬದಲಿಸಿದರೆ ನಾವು ಒಪ್ಪುತ್ತೇವಾ? ಇಲ್ಲ. ಇದೂ ಹಾಗೆಯೇ.

‘ಬ್ಲಿಂಕ್’ ಚಿತ್ರದ ನಿಯಮ ಬಹಳ ಸರಳ. ಕಾಲದ ಪ್ರಯಾಣ ಎವೆಯಿಕ್ಕದ ಕಣ್ಣಿಗೆ ಕಟ್ಟುಬಿದ್ದಿದೆ. ಕಣ್ಣು ತೆರೆದಿರುವ ತನಕ ಆ ಕಾಲದಲ್ಲಿ ಇರಬಹುದು, ಮಿಟುಕಿಸಿದರೆ ಮುಗಿಯಿತು.  ಪ್ರತಿಯೊಬ್ಬರ ಮುಖದಲ್ಲೂ ಇರುವ ರೆಪ್ಪೆಯೇ ಈ ನಿಯಮದ ಗುಟ್ಟು. ಸಿನಿಮಾ ನೋಡುವವರಿಗೂ ತಮ್ಮ ರೆಪ್ಪೆಯ ನೆನಪಾಗಿ ಕಣ್ಣು ಉರಿಯಲು ಶುರುವಾಗುತ್ತದೆ!

ನಿಮಿಷ ಎಂದರೇನು?

ಈ ನಿಯಮ ನಮ್ಮ ಭಾಷೆಗೆ ಹೊಸತಲ್ಲ. ‘ನಿಮಿಷ’ ಎಂಬ ಪದವನ್ನು ನಾವು ದಿನಾ ಬಳಸುತ್ತೇವೆ. 60 ಸೆಕೆಂಡಿಗೆ ಒಂದು ನಿಮಿಷ. ಆದರೆ ಸಂಸ್ಕೃತದಲ್ಲಿ ಈ ಪದದ ಮೂಲ ಅರ್ಥ ಕಣ್ಣು ಮಿಟುಕಿಸುವುದು, ಅದಕ್ಕೆ ಹಿಡಿಯುವ ಹೊತ್ತು. ಅಂದರೆ ಹಿಂದಿನವರು ಕಾಲವನ್ನು ಅಳೆದದ್ದೇ ರೆಪ್ಪೆಯಿಂದ!

ನಿಮಿಷ ಇಲ್ಲದವರು ಅನಿಮಿಷರು, ಅಂದರೆ ದೇವತೆಗಳು. ದಮಯಂತಿಯ ಸ್ವಯಂವರದ ಕಥೆ ನಿಮಗೆ ಗೊತ್ತಲ್ಲ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲಿಯೇ ಬಂದು ಕುಳಿತಿರುತ್ತಾರೆ. ದಮಯಂತಿ ಗಮನಿಸಿ ನೋಡುತ್ತಾಳೆ. ನಾಲ್ವರ ಕಣ್ಣು ಮಿಟುಕುವುದಿಲ್ಲ, ಮೈ ಬೆವರುವುದಿಲ್ಲ. ಒಬ್ಬನ ಕಣ್ಣು ಮಾತ್ರ ಮಿಟುಕುತ್ತದೆ. ಅವನೇ ಮನುಷ್ಯ, ಅವನೇ ನಳ ಎಂದು ಹಾರ ಹಾಕುತ್ತಾಳೆ. ಇದು ಒಳ್ಳೆಯ ವೈಜ್ಞಾನಿಕ ವೀಕ್ಷಣೆಯಲ್ಲವೇ? ಅಲ್ಲಮಪ್ರಭುವಿನ ಗುರುವಿನ ಹೆಸರೂ ಅನಿಮಿಷ.

ಅಮರಕೋಶದಲ್ಲಿ ಅನಿಮಿಷ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ: ಮೀನು. ಗಂಗೊಳ್ಳಿ ಬಂದರಿಗೆ ಹೋದಾಗ ಬುಟ್ಟಿಯಲ್ಲಿರುವ ಬಂಗುಡೆಯನ್ನೋ ಬೈಗೆಯನ್ನೋ ಸರಿಯಾಗಿ ಕಾಣಿ. ಮುಚ್ಚಿ ತೆರೆಯುವ ರೆಪ್ಪೆ ಅದಕ್ಕಿಲ್ಲ. ನೀರಿನಲ್ಲೇ ಇರುವುದರಿಂದ ಕಣ್ಣು ಒಣಗುವ ಭಯವೂ ಇಲ್ಲ.

ಕಣ್ಣಿನ ಲೆಕ್ಕ

ನಾವು ಗಾಳಿಯಲ್ಲಿ ಬದುಕುವವರು. ನಮ್ಮ ಕಣ್ಣು ಒಣಗುತ್ತದೆ, ಧೂಳು ಬೀಳುತ್ತದೆ. ರೆಪ್ಪೆ ಮುಚ್ಚಿ ತೆರೆದಾಗ ಕಣ್ಣೀರಿನ ತೆಳು ಪದರ ಕಣ್ಣಿನ ಮೇಲೆ ಹರಡಿ ಅದನ್ನು ತೇವವಾಗಿ, ಸ್ವಚ್ಛವಾಗಿ ಇಡುತ್ತದೆ. ಸಾಮಾನ್ಯವಾಗಿ ಒಬ್ಬ ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತಾನೆ. ಒಂದು ಸಲಕ್ಕೆ ಸುಮಾರು 0.3 ಸೆಕೆಂಡು ಎಂದು ಇಟ್ಟುಕೊಳ್ಳೋಣ. ಈಗ ಲೆಕ್ಕ ಮಾಡಿ ಕಾಣಿ.

ದಿನಕ್ಕೆ 16 ಗಂಟೆ ಎಚ್ಚರ ಇದ್ದರೆ: 15 × 60 × 16 = 14,400 ಸಲ.
ಅದಕ್ಕೆ ಹಿಡಿದ ಸಮಯ: 14,400 × 0.3 = 4,320 ಸೆಕೆಂಡು, ಅಂದರೆ 72 ನಿಮಿಷ.

ಎಚ್ಚರವಿದ್ದೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಾವು ಕಣ್ಣು ಮುಚ್ಚಿಕೊಂಡಿರುತ್ತೇವೆ! ಆದರೂ ನಮಗೆ ಕತ್ತಲೆ ಕಂಡಂತೆ ಆಗುವುದಿಲ್ಲ. ಆ ಕ್ಷಣದ ಕತ್ತಲೆ ನಮ್ಮ ಗಮನಕ್ಕೆ ಬಾರದಂತೆ ಮಿದುಳು ನೋಡಿಕೊಳ್ಳುತ್ತದೆ.

ಕಾಲದಲ್ಲಿ ಪ್ರಯಾಣ ಸಾಧ್ಯವೇ?

“ಇದೆಲ್ಲ ಕಟ್ಟುಕಥೆ, ವಿಜ್ಞಾನ ಎಲ್ಲಿ ಬಂತು?” ಎಂದು ಯಾರಾದರೂ ಕೇಳಬಹುದು. ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ ಎಂದು 1905ರಲ್ಲಿ ಐನ್‌ಸ್ಟೀನ್ ತೋರಿಸಿದರು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಭೂಮಿಯಿಂದ ಮೇಲೆ, ಗುರುತ್ವ ಕಡಿಮೆಯಿರುವಲ್ಲಿ ಗಡಿಯಾರ ಬೇಗ ಓಡುತ್ತದೆ ಎಂಬುದು ಅವರ ಮುಂದಿನ ಸಿದ್ಧಾಂತದಿಂದ ತಿಳಿಯಿತು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಇಟ್ಟುಕೊಂಡು ಭೂಮಿ ಸುತ್ತಿದರು. ನೆಲದ ಗಡಿಯಾರಕ್ಕೂ ವಿಮಾನದ ಗಡಿಯಾರಕ್ಕೂ ಅತಿ ಸಣ್ಣ ವ್ಯತ್ಯಾಸ ಸಿಕ್ಕಿಯೇ ಸಿಕ್ಕಿತು.

ಇದು ನಮ್ಮ ಕಡಲಿಗೂ ಸಂಬಂಧಿಸಿದ ವಿಷಯ. ಮೀನುಗಾರಿಕೆ ಬೋಟಿನವರು ದಾರಿ ತಿಳಿಯಲು ಜಿ.ಪಿ.ಎಸ್. ನೋಡುತ್ತಾರೆ. ಅದರ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಹೋಗುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಮೈಕ್ರೊಸೆಕೆಂಡು. ಇಷ್ಟು ಚೂರಿಗೆ ಎಂತ ಆಗ್ತದೆ ಅಂತೀರಾ? ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. 38 ಮೈಕ್ರೊಸೆಕೆಂಡಿನಲ್ಲಿ 11 ಕಿ.ಮೀ.ಗಿಂತ ಹೆಚ್ಚು. ಈ ವ್ಯತ್ಯಾಸವನ್ನು ತಿದ್ದದಿದ್ದರೆ ಸ್ಥಳದ ಲೆಕ್ಕ ಒಂದೇ ದಿನದಲ್ಲಿ ಅಷ್ಟು ದೂರ ತಪ್ಪೀತು. ರಾತ್ರಿ ಕಡಲಿನಿಂದ ಹಿಂದೆ ಬರುವ ಬೋಟಿಗೆ ಅಳಿವೆ ಸಿಗುವುದು ಹೇಗೆ?

ಆದ್ದರಿಂದ ಭವಿಷ್ಯದ ಕಡೆಗೆ ಸ್ವಲ್ಪ ಬೇಗ, ಸ್ವಲ್ಪ ತಡ ಹೋಗುವುದು ನಿಜ. ಆದರೆ ಹಿಂದಿನ ಕಾಲಕ್ಕೆ ಹೋಗಿ ಬಂದವರು ಯಾರೂ ಇಲ್ಲ, ಅದಕ್ಕೆ ದಾರಿಯೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಕಥೆಗಾರನ ಕೆಲಸ.

ಹಿಂದೆ ಹೋದರೆ ಬರುವ ತೊಡಕು

ಒಬ್ಬ ಹಿಂದಿನ ಕಾಲಕ್ಕೆ ಹೋಗಿ ತನ್ನ ಅಜ್ಜನ ಮದುವೆಯನ್ನೇ ತಪ್ಪಿಸಿದ ಎಂದುಕೊಳ್ಳಿ. ಆಗ ಅವನ ತಂದೆ ಹುಟ್ಟುವುದಿಲ್ಲ, ಅವನೂ ಹುಟ್ಟುವುದಿಲ್ಲ. ಹುಟ್ಟದವನು ಹಿಂದೆ ಹೋಗಿ ಮದುವೆ ತಪ್ಪಿಸಿದ್ದು ಹೇಗೆ? ಇದು ಕಾಲಪ್ರಯಾಣದ ಪ್ರಸಿದ್ಧ ಒಗಟು. ಇದಕ್ಕೆ ಕೊಡುವ ಒಂದು ಉತ್ತರ: ಹಿಂದೆ ಹೋದವನು ಏನನ್ನೂ ಬದಲಿಸಲಾರ, ಬದಲಿಸಲು ಮಾಡಿದ ಪ್ರಯತ್ನವೇ ಮೊದಲಿದ್ದದ್ದನ್ನು ಆಗಿಸುತ್ತದೆ.

ನಮಗೆ ಇದು ಕಂಸನ ಕಥೆಯಿಂದ ಅರ್ಥವಾಗುತ್ತದೆ. ತಂಗಿಯ ಎಂಟನೆಯ ಮಗುವಿನಿಂದ ಸಾವು ಎಂದು ಕೇಳಿದ ಕಂಸ ಅವಳನ್ನು ಸೆರೆಯಲ್ಲಿಡುತ್ತಾನೆ. ಸೆರೆಯಲ್ಲಿಟ್ಟದ್ದರಿಂದಲೇ ಕೃಷ್ಣ ಗೋಕುಲಕ್ಕೆ ಹೋಗಿ, ಕಂಸನ ಕಣ್ಣಿಗೆ ಬೀಳದೆ ಬೆಳೆಯುತ್ತಾನೆ. ಗ್ರೀಸ್ ದೇಶದ ಸೊಫೊಕ್ಲಿಸ್ ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಬರೆದ ಈಡಿಪಸ್ ನಾಟಕವೂ ಇಂಥದ್ದೇ. ವಿಧಿಯಿಂದ ತಪ್ಪಿಸಿಕೊಳ್ಳಲು ಓಡಿದ ದಾರಿಯಲ್ಲೇ ಅವನು ಗುರುತಿಲ್ಲದೆ ತನ್ನ ತಂದೆಯನ್ನು ಕೊಲ್ಲುತ್ತಾನೆ. ಇದನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ‘ಬ್ಲಿಂಕ್’ ಚಿತ್ರದ ಮೇಲೆ ಈಡಿಪಸ್ ನಾಟಕದ ನೆರಳು ದಟ್ಟವಾಗಿದೆ. ಚಿತ್ರ ಕೇಳುವ ಪ್ರಶ್ನೆ ಯಂತ್ರದ ಪ್ರಶ್ನೆಯಲ್ಲ, ಮನುಷ್ಯನ ಪ್ರಶ್ನೆ: ನಾನು ಯಾರ ಮಗ? ನನ್ನ ಬಾಳನ್ನು ನಾನು ಬದಲಿಸಬಲ್ಲೆನೇ?

ಸಣ್ಣ ಖರ್ಚು, ದೊಡ್ಡ ಲೋಕ

ಇಷ್ಟೆಲ್ಲ ತೋರಿಸಲು ಚಿತ್ರ ಭಾರೀ ಸೆಟ್ಟುಗಳನ್ನು ನಂಬಿಲ್ಲ. ಇದು ನಮಗೆ ಆಶ್ಚರ್ಯ ಆಗಬೇಕಾಗಿಲ್ಲ. ನಮ್ಮೂರ ಬಯಲಾಟದಲ್ಲಿ ಎಂತ ಇರುತ್ತದೆ? ಒಂದು ರಂಗಸ್ಥಳ, ಇಬ್ಬರು ಹಿಡಿಯುವ ಒಂದು ತೆರೆ, ಕೂರಲು ಒಂದು ಪೀಠ. ವೇಷ ಒಂದು ಸುತ್ತು ಕುಣಿದು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಂತೆ. ದೇವಲೋಕವೂ ಅಲ್ಲೇ, ಪಾತಾಳವೂ ಅಲ್ಲೇ. ನಾವು ಒಪ್ಪುವುದು ಯಾಕೆ? ಕ್ರಮ ನಮಗೆ ಗೊತ್ತಿದೆ, ಭಾಗವತರೂ ವೇಷಧಾರಿಗಳೂ ಆ ಕ್ರಮವನ್ನು ಬಿಡುವುದಿಲ್ಲ. ಕ್ರಮ ಗಟ್ಟಿಯಿದ್ದರೆ ನೋಡುವವರ ಕಲ್ಪನೆ ಉಳಿದದ್ದನ್ನು ಕಟ್ಟಿಕೊಳ್ಳುತ್ತದೆ.

ಹಾಗಾದರೆ ಜನ ಯಾಕೆ ನೋಡಲಿಲ್ಲ?

ಅದೇ ದಿನ ಶಿವರಾಜ್‌ಕುಮಾರ್ ಮತ್ತು ಪ್ರಭುದೇವ ನಟಿಸಿದ ‘ಕರಟಕ ದಮನಕ’ವೂ ಬಿಡುಗಡೆಯಾಯಿತು. ದೊಡ್ಡ ಹೆಸರಿನ ಎದುರು ಹೊಸಬರ ಚಿತ್ರಕ್ಕೆ ಸಿಕ್ಕ ಪ್ರದರ್ಶನಗಳು ಕಡಿಮೆ. ನೋಡಿದವರು ಬಾಯಿಂದ ಬಾಯಿಗೆ ಹೇಳಿದ ಮೇಲೆ ಪ್ರದರ್ಶನ ಹೆಚ್ಚಾಯಿತು. ಆದರೆ ಬಾಯಿಮಾತು ಹಳ್ಳಿಗೆ ಮುಟ್ಟಲು ದಿನ ಹಿಡಿಯುತ್ತದೆ. ಶುಕ್ರವಾರ ಬಂದ ಚಿತ್ರಕ್ಕೆ ಸೋಮವಾರದೊಳಗೆ ಜನ ಸೇರದಿದ್ದರೆ ಅದನ್ನು ತೆಗೆದು ಬೇರೆ ಹಾಕುತ್ತಾರೆ. ಪೇಟೆಗೆ ಹೋಗಿ, ರಾತ್ರಿ ಕಡೇ ಬಸ್ಸು ತಪ್ಪದಂತೆ ವಾಪಸು ಬರಬೇಕಾದ ನಮ್ಮಂಥವರಿಗೆ ಇಂಥ ಚಿತ್ರ ಸಿಗುವುದೇ ಕಷ್ಟ. ದೀಕ್ಷಿತ್ ಶೆಟ್ಟಿ ನಟಿಸಿದ ‘ದಿಯಾ’ (2020) ಕೂಡ ಥಿಯೇಟರಿನಲ್ಲಿ ಹೆಚ್ಚು ಜನರನ್ನು ಕಾಣದೆ, ಆಮೇಲೆ ಮನೆಯ ಪರದೆಯಲ್ಲಿ ಹೆಸರು ಮಾಡಿತು. ‘ಬ್ಲಿಂಕ್’ ಸಹ ಅದೇ ವರ್ಷ ಪ್ರೈಮ್ ವಿಡಿಯೋದಲ್ಲಿ ಬಂತು.

ಇದಕ್ಕೂ ಹಿಂದೆ, ಕುಂದಾಪುರದ ಕಡೆಯವರೇ ಆದ ಉಪೇಂದ್ರ 2002ರಲ್ಲಿ ‘ಹಾಲಿವುಡ್’ ಎಂಬ ಚಿತ್ರದ ಕಥೆ ಬರೆದು ನಟಿಸಿದ್ದರು. ಅದರಲ್ಲಿ ಮನುಷ್ಯನ ರೂಪದ ಯಂತ್ರಮಾನವ ಪ್ರೀತಿಸಲು ಕಲಿಯುತ್ತಾನೆ. ಇಂಥದ್ದೇ ವಿಷಯದ ತಮಿಳಿನ ‘ಎಂದಿರನ್’ ಬಂದದ್ದು 8 ವರ್ಷಗಳ ನಂತರ, 2010ರಲ್ಲಿ. ಅದು ದೇಶವಿಡೀ ಗೊತ್ತು. ‘ಹಾಲಿವುಡ್’ ನಮ್ಮೂರಿನವರಿಗೇ ಮರೆತಿದೆ.

ಇದರಿಂದ ನಷ್ಟ ಯಾರಿಗೆ? ಇಂಥ ಚಿತ್ರ ಸೋತರೆ ಮುಂದಿನ ಸಲ ಹಣ ಹಾಕುವವರು ಹಿಂದೆ ಸರಿಯುತ್ತಾರೆ. ಆಗ ವಿಜ್ಞಾನದ ಕನಸು ಕಾಣಬೇಕಾದರೆ ಬೇರೆ ಭಾಷೆಗೇ ಹೋಗಬೇಕು ಎಂದು ಮಕ್ಕಳು ನಂಬಿಬಿಡುತ್ತಾರೆ. ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಹಾಗೆ ನಂಬಲಿಲ್ಲ. ಕನ್ನಡದ ಮಕ್ಕಳಿಗಾಗಿ 1936ರಲ್ಲಿ ‘ಬಾಲಪ್ರಪಂಚ’ ತಂದರು, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. 1930ರ ಆಸುಪಾಸಿನಲ್ಲಿ ಮೂಕಿ ಚಿತ್ರಗಳನ್ನೂ ತೆಗೆದಿದ್ದರು. ವಿಜ್ಞಾನ, ಕಥೆ, ಸಿನಿಮಾ ಮೂರೂ ನಮ್ಮ ಭಾಷೆಯಲ್ಲಿ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದ್ದರಿಂದ ಅವಕಾಶ ಸಿಕ್ಕಾಗ ಮನೆಯ ಹಿರಿಯರೊಂದಿಗೆ ಕುಳಿತು ‘ಬ್ಲಿಂಕ್’ ನೋಡಿ. ಕಥೆ ಸ್ವಲ್ಪ ಗೋಜಲು, ಮೊದಲ ಸಲಕ್ಕೆ ಪೂರ್ತಿ ತಿಳಿಯದೆ ಇರಬಹುದು. ಒಂದು ಚೀಟಿಯಲ್ಲಿ ಯಾವ ಘಟನೆ ಯಾವ ಕಾಲದ್ದು ಎಂದು ಬರೆದುಕೊಂಡು ನೋಡಿದರೆ ಗಂಟು ಬಿಚ್ಚುತ್ತದೆ. ಇಷ್ಟವಾದರೆ ನಾಲ್ಕು ಜನರಿಗೆ ಹೇಳಿ.

ಮಾಡಿ ನೋಡಿ

1. ಗೆಳೆಯನು ಮಾತಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತಾನೆ, ಓದುವಾಗ ಎಷ್ಟು ಸಲ ಎಂದು ಅವನಿಗೆ ತಿಳಿಯದಂತೆ ಎಣಿಸಿ. ಯಾವುದು ಕಡಿಮೆ? ಏಕೆ?
(ಎಚ್ಚರಿಕೆ: ಹಟ ಹಿಡಿದು ಕಣ್ಣು ಉರಿಯುವ ತನಕ ತೆರೆದಿಡಬೇಡಿ. ಸೂರ್ಯನನ್ನು ನೇರ ನೋಡಲೇಬೇಡಿ.)

2. ಕಂಸ ತಂಗಿಯನ್ನು ಸೆರೆಯಲ್ಲಿ ಇಡದೇ ಇದ್ದಿದ್ದರೆ ಕಥೆ ಏನಾಗುತ್ತಿತ್ತು? ಹತ್ತು ವಾಕ್ಯ ಬರೆಯಿರಿ.

3. “ಹೀಗಾದರೆ?” ಎಂದು ನಿಮ್ಮದೇ ಒಂದು ನಿಯಮ ಮಾಡಿ. ಉದಾಹರಣೆಗೆ, ಒಂದು ದಿನ ಕಡಲಿನ ಇಳಿತವಾದ ನೀರು ಹಿಂದೆ ಬಾರದೆ ಇದ್ದರೆ? ಆ ನಿಯಮವನ್ನು ಮುರಿಯದೆ ಒಂದು ಪುಟದ ಕಥೆ ಬರೆದು ಕೊಡಿ. ಒಳ್ಳೆಯ ಕಥೆಯನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಾಕೋಣ.